ಹಳೆಯ ನಗರಗಳಿಗೆ ವಿದೇಶ ಪ್ರವಾಸ: ಯಾವ ಊರನ್ನು ಆರಿಸಿಕೊಳ್ಳಬೇಕು?

ಇತಿಹಾಸದ ಕುರುಹುಗಳನ್ನು ನೋಡಲೆಂದೇ ವಿದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ಮೊದಲು ದೇಶವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಆಮೇಲೆ ಆ ದೇಶದ ಹೆಸರಾಂತ ಸ್ಥಳಗಳನ್ನೆಲ್ಲ ಒಂದೇ ವಾರದೊಳಗೆ ಹೊಂದಿಸಲು ನೋಡುತ್ತಾರೆ. ಇಂಥ ಪ್ರವಾಸದಲ್ಲಿ ನೋಡಿದ ಹೊತ್ತಿಗಿಂತ ನಿಲ್ದಾಣಗಳಲ್ಲಿ ಕಾದ ಹೊತ್ತೇ ಹೆಚ್ಚಾಗುತ್ತದೆ. ದೇಶಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು, ನಮಗೆ ಬೇಕಾಗಿರುವುದು ಎಂಥ ಹಳೆಯ ನಗರ ಎಂಬುದು. ಕೆಲವು ಊರುಗಳಲ್ಲಿ ಸಾವಿರಾರು ವರ್ಷಗಳಿಂದ ಜನವಸತಿ ಕಡಿಯದೆ ಮುಂದುವರಿದು, ಹಳೆಯದರ ಹೆಗಲ ಮೇಲೆಯೇ ಹೊಸದು ಎದ್ದು ನಿಂತಿದೆ. ಕೆಲವು ಊರುಗಳು ಒಂದು ಕಾಲಕ್ಕೆ ಬರಿದಾಗಿ, ಅಲ್ಲಿಗೇ ನಿಂತುಹೋಗಿವೆ. ಇನ್ನು ಕೆಲವು ಬೆಂಕಿಗೋ ಯುದ್ಧಕ್ಕೋ ಸಿಕ್ಕಿ ನೆಲಸಮವಾಗಿ, ಹಳೆಯ ರೂಪದಲ್ಲೇ ಮತ್ತೆ ಕಟ್ಟಿಸಿಕೊಂಡಿವೆ. ಈ ಮೂರು ಬಗೆಯ ಊರುಗಳು ನೋಡುಗರಿಂದ ಬೇಡುವ ಸಮಯ, ನಡಿಗೆ ಮತ್ತು ಪೂರ್ವಸಿದ್ಧತೆ ಬೇರೆ ಬೇರೆಯಾಗಿರುವುದರಿಂದ, ಒಂದಕ್ಕೆ ಹೊಂದುವ ಯೋಜನೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಪದರ ಪದರವಾಗಿ ಬೆಳೆದ ನಗರಗಳು

ಮೊದಲ ಬಗೆಗೆ ರೋಮ್ ಮತ್ತು ಇಸ್ತಾಂಬುಲ್ ಎರಡು ದೊಡ್ಡ ಉದಾಹರಣೆಗಳು. ಇವೆರಡರ ನಡುವೆ ಆಯ್ಕೆ ಮಾಡಬೇಕಾಗಿ ಬಂದವರು ಬಹಳ ಮಂದಿ ಇರುವುದರಿಂದ ಇವನ್ನು ಸ್ವಲ್ಪ ವಿವರವಾಗಿಯೇ ಹೋಲಿಸುವುದು ಒಳ್ಳೆಯದು.

ರೋಮ್‌ನಲ್ಲಿ ಕಾಲದ ಪದರಗಳನ್ನು ಅಕ್ಷರಶಃ ಮೆಟ್ಟಿಲಿಳಿದು ನೋಡಬಹುದು. ಕೊಲೋಸಿಯಮ್‌ನಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಿಗುವ ಸ್ಯಾನ್ ಕ್ಲೆಮೆಂಟೆ ಚರ್ಚು 12ನೆಯ ಶತಮಾನದ್ದು. ಅದರೊಳಗಿನ ಮೆಟ್ಟಿಲುಗಳನ್ನು ಇಳಿದರೆ 4ನೆಯ ಶತಮಾನದ ಇನ್ನೊಂದು ಚರ್ಚಿನೊಳಗೆ ನಿಂತಿರುತ್ತೇವೆ. ಮತ್ತೂ ಕೆಳಗಿಳಿದರೆ ಪ್ರಾಚೀನ ರೋಮ್‌ನ ಇಟ್ಟಿಗೆ ಗೋಡೆಗಳು, ಮಿತ್ರಾಸ್ ದೇವತೆಯ ಪೂಜಾಗೃಹ ಮತ್ತು ಎಲ್ಲೋ ಗೋಡೆಯಾಚೆ ಹರಿಯುವ ನೀರಿನ ಸದ್ದು. ಪ್ರಾಚೀನ ನಗರದ ಮುಖ್ಯ ಚೌಕವಾಗಿದ್ದ ರೋಮನ್ ಫೋರಮ್‌ನಲ್ಲಿ ಕ್ರಿ.ಶ. 141ರಲ್ಲಿ ಕಟ್ಟಲಾರಂಭಿಸಿದ ಆಂಟೊನೈನಸ್ ಮತ್ತು ಫೌಸ್ಟಿನಾ ದೇವಾಲಯದ ಕಂಬಗಳ ಹಿಂದೆ ಒಂದು ಚರ್ಚು ನಿಂತಿದ್ದು, ಅದರ ಬಾಗಿಲು ಈಗಿನ ನೆಲದಿಂದ ಹಲವು ಮೀಟರ್ ಎತ್ತರದಲ್ಲಿ, ಹತ್ತಲು ಮೆಟ್ಟಿಲೂ ಇಲ್ಲದೆ, ತೂಗಿದಂತೆ ಕಾಣುತ್ತದೆ. ಆ ಬಾಗಿಲಿಟ್ಟ ಕಾಲದಲ್ಲಿ ಶತಮಾನಗಳ ಮಣ್ಣು ಮತ್ತು ಅವಶೇಷ ತುಂಬಿಕೊಂಡು ನೆಲ ಅಷ್ಟು ಮೇಲಕ್ಕೆ ಬಂದಿತ್ತು. ಉತ್ಖನನ ಮಾಡಿದವರು ನೆಲವನ್ನು ಮತ್ತೆ ಕೆಳಗಿಳಿಸಿದರು. ಒಂದು ನಗರ ಹೇಗೆ ಹೂತುಹೋಗುತ್ತದೆ, ಹೇಗೆ ಹೊರಬರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಬಾಗಿಲನ್ನು ಹುಡುಕುವುದು ಕಷ್ಟ.

ಇಸ್ತಾಂಬುಲ್‌ನಲ್ಲಿ ಪದರಗಳು ಒಂದೇ ಕಟ್ಟಡದ ಒಳಗೆ ಒಂದರ ಪಕ್ಕದಲ್ಲೊಂದು ಇರುತ್ತವೆ. ಜಸ್ಟಿನಿಯನ್ ಚಕ್ರವರ್ತಿ 537ರಲ್ಲಿ ಪೂರ್ಣಗೊಳಿಸಿದ ಹಾಗಿಯಾ ಸೋಫಿಯಾ 1453ರವರೆಗೆ ಚರ್ಚಾಗಿದ್ದು, ಆ ಬಳಿಕ ಮಸೀದಿಯಾಗಿ, 1930ರ ದಶಕದಲ್ಲಿ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಮತ್ತೆ ಮಸೀದಿಯಾಯಿತು. 2024ರ ಆರಂಭದಿಂದ ವಿದೇಶಿ ಪ್ರವಾಸಿಗರಿಗೆ ಶುಲ್ಕ ವಿಧಿಸಿ, ಮೇಲಂತಸ್ತಿನ ಮೊಗಸಾಲೆಗಷ್ಟೇ ಪ್ರವೇಶ ಕೊಡಲಾಗುತ್ತಿದೆ. ಇದನ್ನು ಕೇಳಿ ನಿರಾಶರಾಗಬೇಕಾಗಿಲ್ಲ, ಏಕೆಂದರೆ ಕ್ರಿಸ್ತನ ಮೊಸಾಯಿಕ್ ಚಿತ್ರಗಳಲ್ಲಿ ಬಹು ಮುಖ್ಯವಾದವು ಇರುವುದು ಮೇಲೆಯೇ. ಅಲ್ಲಿನ ಅಮೃತಶಿಲೆಯ ಕಟಕಟೆಯ ಮೇಲೆ ಉತ್ತರ ಯುರೋಪಿನಿಂದ ಬಂದ ವೈಕಿಂಗನೊಬ್ಬ ತನ್ನ ಲಿಪಿಯಲ್ಲಿ ಕೆತ್ತಿದ ಗೀಚು ಬರಹವಿದ್ದು, ಸವೆದುಹೋದ ಆ ಸಾಲಿನಲ್ಲಿ ಹಾಲ್ಫ್‌ದಾನ್ ಎಂಬ ಹೆಸರನ್ನು ವಿದ್ವಾಂಸರು ಗುರುತಿಸಿದ್ದಾರೆ. ಸಾಮ್ರಾಟರು ಕಟ್ಟಿಸಿದ ಗುಮ್ಮಟದಷ್ಟೇ ಗಮನವಿಟ್ಟು ನೋಡಬೇಕಾದ ಗುರುತು ಅದು. ಸಮೀಪದಲ್ಲೇ ನೆಲದಡಿಯಲ್ಲಿರುವ ಬೆಸಿಲಿಕಾ ಜಲಾಶಯದಲ್ಲಿ 336 ಕಂಬಗಳಿದ್ದು, ಅವುಗಳಲ್ಲಿ ಎರಡರ ಬುಡಕ್ಕೆ ಬೇರೆ ಯಾವುದೋ ಹಳೆಯ ಕಟ್ಟಡದಿಂದ ತಂದ ಗ್ರೀಕ್ ಪುರಾಣದ ಹಾವುಗೂದಲಿನ ಮೆಡೂಸಾಳ ತಲೆಯ ಶಿಲ್ಪಗಳನ್ನು, ಒಂದನ್ನು ತಲೆಕೆಳಗಾಗಿ, ಇನ್ನೊಂದನ್ನು ಅಡ್ಡಲಾಗಿ ಇಡಲಾಗಿದೆ.

ಎರಡರಲ್ಲಿ ಯಾವುದು? ನಾಲ್ಕು ದಿನಗಳಷ್ಟೇ ಇದ್ದರೆ ಇಸ್ತಾಂಬುಲ್ ಉತ್ತಮ ಎಂಬುದು ನನ್ನ ಅಭಿಪ್ರಾಯ. ಹಾಗಿಯಾ ಸೋಫಿಯಾ, ಜಲಾಶಯ, ತೋಪ್ಕಾಪಿ ಅರಮನೆ, ಸುಲ್ತಾನ್ ಅಹ್ಮದ್ ಮಸೀದಿ, ಪುರಾತತ್ತ್ವ ಸಂಗ್ರಹಾಲಯ ಇವೆಲ್ಲ ಒಂದೇ ಬಡಾವಣೆಯಲ್ಲಿ ನಡಿಗೆಯ ಅಳತೆಯಲ್ಲಿರುವುದರಿಂದ, ಉಳಿದ ಸಮಯವನ್ನು 5ನೆಯ ಶತಮಾನದ ಥಿಯೊಡೋಸಿಯಸ್ ಕೋಟೆಗೋಡೆಗಳಿಗೂ ಜಲಸಂಧಿಯ ಮೇಲಿನ ದೋಣಿಯಾನಕ್ಕೂ ಮೀಸಲಿಡಬಹುದು. ತೋಪ್ಕಾಪಿಗೆ ಮಂಗಳವಾರ ರಜೆ. ಶುಕ್ರವಾರ ಮಧ್ಯಾಹ್ನ ಮಸೀದಿಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಪ್ರವಾಸಿಗರಿಗೆ ಪ್ರವೇಶವಿರುವುದಿಲ್ಲ. ಈ ಎರಡನ್ನು ಗಮನಿಸದೆ ದಿನಗಳನ್ನು ಜೋಡಿಸಿದರೆ ಒಂದು ದಿನವೇ ವ್ಯರ್ಥವಾಗುತ್ತದೆ. ರೋಮ್‌ಗೆ ಐದಾರು ದಿನಗಳಾದರೂ ಬೇಕು. ಕೊಲೋಸಿಯಮ್, ಫೋರಮ್, ವ್ಯಾಟಿಕನ್ ಸಂಗ್ರಹಾಲಯಗಳನ್ನು ಮೂರು ದಿನಗಳಲ್ಲಿ ಮುಗಿಸಲು ಸಾಧ್ಯವಾದರೂ, ಆ ನಗರದ ನಿಜವಾದ ಸಂಪತ್ತು ಇರುವುದು ಸ್ಯಾನ್ ಕ್ಲೆಮೆಂಟೆಯಂಥ, ಸರತಿ ಸಾಲಿನ ಹಂಗು ಅಷ್ಟಾಗಿ ಇಲ್ಲದ ಸಣ್ಣ ತಾಣಗಳಲ್ಲಿ. ಕೊಲೋಸಿಯಮ್ ಟಿಕೆಟ್ಟಿನಲ್ಲಿ ಈಗ ನೋಡುಗರ ಹೆಸರಿರುತ್ತದೆಯಾದ್ದರಿಂದ ಪಾಸ್‌ಪೋರ್ಟ್ ಜೊತೆಗಿರಬೇಕು. ಪ್ಯಾಂಥಿಯನ್‌ಗೆ 2023ರ ಜುಲೈನಿಂದ ಶುಲ್ಕವಿದೆ. 43 ಮೀಟರ್ ವ್ಯಾಸದ, ಕಬ್ಬಿಣದ ಸರಳುಗಳ ಆಸರೆಯಿಲ್ಲದ ಆ ಪ್ರಾಚೀನ ದೇವಾಲಯದ ಕಾಂಕ್ರೀಟ್ ಗುಮ್ಮಟದ ಕೆಳಗೆ ನಿಲ್ಲಲು ಅದಕ್ಕಿಂತ ಹೆಚ್ಚು ಕೊಟ್ಟರೂ ದುಬಾರಿಯಾಗದು.

ಹೆಸರಾಂತ ಸ್ಮಾರಕಗಳ ಪಟ್ಟಿಯೇ ಬೇಡ, ಹಳೆಯ ಊರಿನ ಬದುಕು ಸಾಕು ಎನ್ನುವವರು ಮೊರಾಕೊದ ಫೆಸ್ ನಗರವನ್ನು ಆರಿಸಿಕೊಳ್ಳಬೇಕು. 8ನೆಯ ಶತಮಾನದ ಕೊನೆಯಲ್ಲಿ ನೆಲೆಗೊಂಡ ಅದರ ಹಳೆಯ ಭಾಗದಲ್ಲಿ ಇಂದಿಗೂ ಕಾರುಗಳಿಗೆ ಜಾಗವಿಲ್ಲ. ಸರಕು ಸಾಗುವುದು ಕತ್ತೆ ಮತ್ತು ಹೇಸರಗತ್ತೆಗಳ ಮೇಲೆ. ಹಿಂದಿನಿಂದ "ಬಾಲಕ್, ಬಾಲಕ್" ಎಂಬ ಕೂಗು ಕೇಳಿದ ಕೂಡಲೇ ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕು. 859ರಲ್ಲಿ ಸ್ಥಾಪನೆಯಾಯಿತೆಂದು ಹೇಳಲಾಗುವ ಕರವಿಯ್ಯೀನ್ ಮಸೀದಿಯೊಳಗೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲ, ಆದರೆ 14ನೆಯ ಶತಮಾನದ ಬೂ ಇನಾನಿಯಾ ಮದರಸಾದ ಅಂಗಳಕ್ಕೆ ಹೋಗಬಹುದು. ಇಲ್ಲಿ ನಕ್ಷೆ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ದಾರಿ ತಪ್ಪುವುದನ್ನು ಸಹಿಸಲಾರದವರಿಗೆ ಈ ಊರು ಹಿಡಿಸದಿರಬಹುದು ಎಂಬುದನ್ನೂ ಹೇಳಲೇಬೇಕು.

ನಿಂತುಹೋದ ನಗರಗಳು

ಎರಡನೆಯ ಬಗೆಯ ಊರುಗಳಿಗೆ ಹೋಗುವವರು ಮೊದಲೇ ಒಂದಿಷ್ಟು ಓದಿಕೊಂಡು ಹೋಗುವುದು ಅನಿವಾರ್ಯ. ಜನರಿರುವ ನಗರದಲ್ಲಿ ಏನೂ ತಿಳಿಯದೆ ನಡೆದರೂ ಬೀದಿ ತಾನಾಗಿ ಒಂದಷ್ಟು ಹೇಳಿಕೊಡುತ್ತದೆ. ಬರಿದಾದ ನಗರದಲ್ಲಿ ಪ್ರಶ್ನೆ ಕೇಳುವವರಿಗೆ ಮಾತ್ರ ಕಲ್ಲುಗಳು ಉತ್ತರ ಕೊಡುತ್ತವೆ.

ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯಡಿ ಹೂತುಹೋದ ಪಾಂಪೇ ಮತ್ತು ಹರ್ಕ್ಯುಲೇನಿಯಮ್ ಪಟ್ಟಣಗಳು ನೇಪಲ್ಸ್ ಕೊಲ್ಲಿಯ ದಂಡೆಯಲ್ಲಿ ಒಂದೇ ರೈಲುಮಾರ್ಗದಲ್ಲಿವೆ. ಹೆಚ್ಚಿನವರು ಪಾಂಪೇಗೆ ಮಾತ್ರ ಹೋಗುತ್ತಾರೆ. ಪಾಂಪೇ ದೊಡ್ಡದು, ಪೂರ್ಣ ನಗರದ ಕಲ್ಪನೆ ಕೊಡುವಂಥದ್ದು. ಮೂರನೆಯ ಒಂದು ಭಾಗ ಇನ್ನೂ ಮಣ್ಣಿನಡಿಯೇ ಇದೆ. ಅಲ್ಲಿನ ಬೀದಿ ದಾಟುವಲ್ಲಿ ಎತ್ತರದ ಚಪ್ಪಟೆ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಬೀದಿಯಲ್ಲಿ ಹರಿಯುವ ಕೊಳಕು ನೀರಿಗೆ ಕಾಲಿಡದೆ ದಾಟಲೆಂದು ಇಟ್ಟ ಆ ಕಲ್ಲುಗಳ ನಡುವಿನ ಸಂದುಗಳಲ್ಲಿ ಗಾಡಿಯ ಚಕ್ರಗಳು ಹಾದುಹೋಗಿ, ನೆಲಹಾಸಿನ ಗಟ್ಟಿ ಕಲ್ಲಿನಲ್ಲಿ ಆಳವಾದ ಜಾಡು ಬಿದ್ದಿದೆ. ಬಗ್ಗಿ ಆ ಜಾಡಿಗೆ ಬೆರಳಿಟ್ಟು ನೋಡಿದರೆ ಎಷ್ಟು ತಲೆಮಾರುಗಳ ಸಂಚಾರ ಅಲ್ಲಿ ಸವೆದಿದೆ ಎಂಬ ಅಂದಾಜು ಸಿಗುತ್ತದೆ. ಬೂದಿಯಲ್ಲಿ ದೇಹಗಳು ಕರಗಿ ಉಳಿದ ಪೊಳ್ಳುಗಳಿಗೆ ಗಾರೆ ಸುರಿದು ಆಕೃತಿ ತೆಗೆಯುವ ವಿಧಾನವನ್ನು ಜ್ಯುಸೆಪ್ಪೆ ಫಿಯೊರೆಲ್ಲಿ 1863ರಲ್ಲಿ ಬಳಕೆಗೆ ತಂದರು. ಆ ಆಕೃತಿಗಳ ಮುಂದೆ ನಿಂತಾಗ ಇದು ಕೇವಲ ಪ್ರವಾಸಿ ತಾಣವಲ್ಲ, ಸಾವಿರಾರು ಜನರ ಸಾವಿನ ಜಾಗ ಎಂಬುದು ಮನಸ್ಸಿಗೆ ತಟ್ಟುತ್ತದೆ.

ಹರ್ಕ್ಯುಲೇನಿಯಮ್ ಇದಕ್ಕಿಂತ ಬಹಳ ಚಿಕ್ಕದು. ಮೂರು ಗಂಟೆಗಳಲ್ಲಿ ಸಮಾಧಾನವಾಗಿ ನೋಡಬಹುದು. ಬಿಸಿ ಅನಿಲ ಮತ್ತು ಬೂದಿಯ ಪ್ರವಾಹ ಅಲ್ಲಿನ ಮರವನ್ನು ಸುಟ್ಟು ಬೂದಿ ಮಾಡುವ ಬದಲು ಇದ್ದಿಲಾಗಿಸಿ ಉಳಿಸಿದ್ದರಿಂದ, ತೊಲೆ, ಬಾಗಿಲು, ಮಡಚುವ ತೆರೆ, ಮಂಚ ಇವೆಲ್ಲ ಇಂದಿಗೂ ಇವೆ. ಕೆಲವು ಮನೆಗಳ ಮೇಲಂತಸ್ತು ಕೂಡ ನಿಂತಿದೆ. ಪಾಂಪೇಯಲ್ಲಿ ನಗರ ಕಾಣುತ್ತದೆ, ಹರ್ಕ್ಯುಲೇನಿಯಮ್‌ನಲ್ಲಿ ಮನೆ ಕಾಣುತ್ತದೆ. ಒಂದನ್ನೇ ನೋಡಲು ಸಾಧ್ಯವಿರುವವರಿಗೆ, ಅದರಲ್ಲೂ ಬೇಸಿಗೆಯ ಬಿಸಿಲಿನಲ್ಲಿ ಅಥವಾ ಮಕ್ಕಳ ಜೊತೆ ಹೋಗುವವರಿಗೆ, ನಾನು ಹರ್ಕ್ಯುಲೇನಿಯಮ್ ಅನ್ನೇ ಸೂಚಿಸುತ್ತೇನೆ. ಎರಡೂ ಊರುಗಳ ಅತ್ಯುತ್ತಮ ಮೊಸಾಯಿಕ್ ಮತ್ತು ಭಿತ್ತಿಚಿತ್ರಗಳು ನೇಪಲ್ಸ್‌ನ ಪುರಾತತ್ತ್ವ ಸಂಗ್ರಹಾಲಯದಲ್ಲಿರುವುದರಿಂದ, ನೇಪಲ್ಸ್‌ನಲ್ಲೇ ತಂಗಿ ಮೂರು ದಿನ ಕೊಡುವವರಿಗೆ ಸಿಗುವ ಚಿತ್ರ, ರೋಮ್‌ನಿಂದ ಒಂದು ದಿನದ ಮಟ್ಟಿಗೆ ಓಡಿಬರುವವರಿಗೆ ಸಿಗಲಾರದು.

ಜೋರ್ಡಾನಿನ ಪೆಟ್ರಾ ಮತ್ತು ಕಾಂಬೋಡಿಯದ ಅಂಕೋರ್ ನಡುವಿನ ಆಯ್ಕೆಯಲ್ಲಿ ಕಾಲಿನ ಶಕ್ತಿಯೇ ಮೊದಲ ಮಾನದಂಡ. ಪೆಟ್ರಾಕ್ಕೆ ಸುಮಾರು 1.2 ಕಿ.ಮೀ. ಉದ್ದದ ಕಿರಿದಾದ ಕಣಿವೆಯ ಮೂಲಕ ನಡೆದು ಹೋಗಬೇಕು. ಎಲ್ಲರ ಕಣ್ಣು ಕಣಿವೆಯ ಕೊನೆಯಲ್ಲಿ ಕಾಣಲಿರುವ, ಬಂಡೆಯಲ್ಲೇ ಕೊರೆದ ಖಜಾನೆ ಎಂಬ ಕಟ್ಟಡದ ಮುಂಭಾಗದ ಮೇಲಿರುತ್ತದೆಯಾದರೂ, ಎರಡೂ ಬದಿಯ ಬಂಡೆಯಲ್ಲಿ ಕೊರೆದ ನೀರಿನ ಕಾಲುವೆಗಳನ್ನು ತಪ್ಪದೆ ನೋಡಬೇಕು, ಏಕೆಂದರೆ ಮರುಭೂಮಿಯ ನಡುವೆ ನಬಾತಿಯನ್ನರೆಂಬ ಪ್ರಾಚೀನ ಅರಬ್ ಜನರ ಈ ರಾಜಧಾನಿ ಬದುಕಿದ್ದು ಆ ನೀರಿನಿಂದಲೇ. ಸುಮಾರು 40 ಮೀಟರ್ ಎತ್ತರದ ಖಜಾನೆಯನ್ನು ನೋಡಿ ಹಿಂದಿರುಗುವವರು ಪೆಟ್ರಾದ ಹೊಸ್ತಿಲನ್ನಷ್ಟೇ ನೋಡಿದಂತೆ. ಅಲ್ಲಿಂದ ಮುಂದೆ ರಾಜಸಮಾಧಿಗಳು, ಕಂಬಸಾಲಿನ ಬೀದಿ, ಕೊನೆಗೆ ಸುಮಾರು 800 ಮೆಟ್ಟಿಲುಗಳ ಮೇಲಿನ ಮಠ ಎಂಬ ಕಟ್ಟಡ ಇವೆ. ಖಜಾನೆಗೆ ಬೆಳಗಿನ ಬಿಸಿಲು, ಮಠಕ್ಕೆ ಮಧ್ಯಾಹ್ನದ ಬಿಸಿಲು ಬೀಳುವುದರಿಂದ ನಡಿಗೆಯ ಕ್ರಮವೂ ತಾನಾಗಿ ಹೊಂದುತ್ತದೆ. ಜೋರ್ಡಾನಿನಲ್ಲಿ ರಾತ್ರಿ ತಂಗುವವರಿಗೆ ಪೆಟ್ರಾದ ಒಂದು ದಿನದ ಶುಲ್ಕ 50 ದಿನಾರ್, ತಂಗದೆ ಬಂದುಹೋಗುವವರಿಗೆ 90 ದಿನಾರ್. ಎರಡು ದಿನದ ಟಿಕೆಟ್ಟಿಗೆ ಒಂದು ದಿನದ್ದಕ್ಕಿಂತ ಕೇವಲ 5 ದಿನಾರ್ ಹೆಚ್ಚು. ಕನಿಷ್ಠ ಮೂರು ರಾತ್ರಿ ಆ ದೇಶದಲ್ಲಿರುವವರು ಮುಂಗಡವಾಗಿ ಜೋರ್ಡಾನ್ ಪಾಸ್ ಕೊಂಡರೆ ವೀಸಾ ಶುಲ್ಕವೂ ಅದರಲ್ಲೇ ಸೇರುತ್ತದೆ. ಚಳಿಗಾಲದಲ್ಲಿ ಮಳೆಯಾದರೆ ಕಣಿವೆಗೆ ದಿಢೀರ್ ಪ್ರವಾಹ ನುಗ್ಗುವ ಅಪಾಯವಿರುವುದರಿಂದ, ಕಾವಲುಗಾರರು ಹೊರಡಿ ಎಂದಾಗ ವಾದಕ್ಕಿಳಿಯದೆ ಹೊರಡಬೇಕು.

ಅಂಕೋರ್‌ನಲ್ಲಿ ದೂರಗಳು ಇನ್ನೂ ಹೆಚ್ಚು. ಸುಮಾರು 400 ಚದರ ಕಿ.ಮೀ.ಗಳಷ್ಟು ಹರಡಿರುವ ಆ ಪ್ರದೇಶವನ್ನು ವಾಹನದಲ್ಲೇ ಸುತ್ತಬೇಕು. ಆದ್ದರಿಂದ ಶ್ರಮ ಕಡಿಮೆ, ಬಿಸಿಲು ಮಾತ್ರ ಹೆಚ್ಚು. ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣಹವೆಯ ತಿಂಗಳುಗಳು ಅನುಕೂಲಕರ. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62 ಡಾಲರ್, ಏಳು ದಿನಕ್ಕೆ 72 ಡಾಲರ್ ಎಂಬ ಶುಲ್ಕವೇ ಅವಸರ ಬೇಡವೆಂದು ಹೇಳುವಂತಿದೆ. ಮೂರು ದಿನದ ಪಾಸನ್ನು ಹತ್ತು ದಿನಗಳೊಳಗೆ ಬಿಡಿಬಿಡಿಯಾಗಿ ಬಳಸಬಹುದಾದ್ದರಿಂದ ನಡುವೆ ವಿಶ್ರಾಂತಿಗೂ ಅವಕಾಶವಿದೆ. 12ನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ ಅಂಕೋರ್ ವಾಟ್ ಪಶ್ಚಿಮಾಭಿಮುಖವಾಗಿದೆ. ಎಲ್ಲರೂ ಸೂರ್ಯೋದಯಕ್ಕೆ ಕಾದು ಗೋಪುರಗಳ ಕಪ್ಪು ಆಕೃತಿಯ ಚಿತ್ರ ತೆಗೆದುಕೊಂಡು ಹೊರಟುಹೋಗುತ್ತಾರೆ. ಕಟ್ಟಡದ ಮುಖಕ್ಕೆ ಬೆಳಕು ಬೀಳುವುದು ಮಧ್ಯಾಹ್ನದ ಮೇಲೆ. ಪಶ್ಚಿಮದ ಮೊಗಸಾಲೆಯ ಉಬ್ಬುಶಿಲ್ಪಗಳಲ್ಲಿ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ, ಪೂರ್ವದಲ್ಲಿ ಸಮುದ್ರಮಥನ. ಈ ಕಥೆಗಳನ್ನು ಬಲ್ಲವರು ಮಾರ್ಗದರ್ಶಿಯ ನೆರವಿಲ್ಲದೆಯೇ ಶರಶಯ್ಯೆಯ ಮೇಲಿನ ಭೀಷ್ಮನನ್ನು ಗುರುತಿಸಿ ಅಲ್ಲೇ ನಿಂತುಬಿಡುತ್ತಾರೆ. ದೂರದ ನಾಡಿನ ಶಿಲ್ಪಿಗಳು ಅದೇ ಕಥೆಯಲ್ಲಿ ಯಾವುದನ್ನು ಹಿಗ್ಗಿಸಿದರು, ಯಾವುದನ್ನು ಬಿಟ್ಟರು ಎಂಬುದನ್ನು ನೋಡುತ್ತ ಅರ್ಧ ದಿನ ಕಳೆದರೂ ಅದು ಸಾರ್ಥಕವೇ. ಈ ಕಾರಣಕ್ಕೆ ನನ್ನ ಒಲವು ಅಂಕೋರ್ ಕಡೆಗೆ.

ಮತ್ತೆ ಕಟ್ಟಿದ ನಗರಗಳು

ಮೂರನೆಯ ಬಗೆಯ ಬಗ್ಗೆ ಪ್ರವಾಸಿಗರಲ್ಲಿ ಒಂದು ಅಸಮಾಧಾನವಿದೆ: ಇದು ನಿಜವಾಗಿ ಹಳೆಯದಲ್ಲ, ಹಳೆಯದರಂತೆ ಕಟ್ಟಿದ್ದು ಎಂಬುದು. ಈ ಅಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ. ಪೋಲೆಂಡಿನ ವಾರ್ಸಾದ ಹಳೆಯ ಪಟ್ಟಣದ ಶೇ. 85ಕ್ಕೂ ಹೆಚ್ಚು ಭಾಗ ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು. ಯುದ್ಧಾನಂತರ ಅಲ್ಲಿನ ಜನ ಉಳಿದ ಅಳತೆಯ ನಕ್ಷೆಗಳನ್ನೂ 18ನೆಯ ಶತಮಾನದ ವರ್ಣಚಿತ್ರಕಾರ ಬರ್ನಾರ್ಡೊ ಬೆಲ್ಲೊಟ್ಟೊನ ನಗರದೃಶ್ಯಗಳನ್ನೂ ಮುಂದಿಟ್ಟುಕೊಂಡು ಅದನ್ನು ಮತ್ತೆ ಎಬ್ಬಿಸಿದರು. ಯುನೆಸ್ಕೊ 1980ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಮರುನಿರ್ಮಾಣದ ಸಾಹಸಕ್ಕಾಗಿಯೇ. ಅದೇ ದೇಶದಲ್ಲಿ ಯುದ್ಧದಿಂದ ಬಹುಮಟ್ಟಿಗೆ ಪಾರಾಗಿ ಉಳಿದ ಕ್ರಾಕೋವ್ ಇದೆ. ಮಧ್ಯಯುಗದ ಕಲ್ಲು, ಇಟ್ಟಿಗೆಗಳನ್ನೇ ಮುಟ್ಟಬೇಕೆನ್ನುವವರಿಗೆ ಕ್ರಾಕೋವ್. 20ನೆಯ ಶತಮಾನದ ನೋವನ್ನೂ ಛಲವನ್ನೂ ಅರಿಯಬೇಕೆನ್ನುವವರಿಗೆ ವಾರ್ಸಾ. ಎರಡರ ನಡುವೆ ರೈಲಿನಲ್ಲಿ ಎರಡೂವರೆ ಗಂಟೆಯಷ್ಟೇ ದೂರವಿರುವುದರಿಂದ ಎರಡನ್ನೂ ನೋಡಿ ಹೋಲಿಸುವುದೇ ಒಳ್ಳೆಯದು.

ಕ್ಯೋಟೊದ ವಿಷಯ ಬೇರೆ. 794ರಿಂದ ಸಾವಿರಕ್ಕೂ ಹೆಚ್ಚು ವರ್ಷ ಜಪಾನಿನ ರಾಜಧಾನಿಯಾಗಿದ್ದ ಈ ಊರು ಮರದ್ದು. ಮರದ ಊರು ಸುಡುತ್ತದೆ, ಮತ್ತೆ ಏಳುತ್ತದೆ. 1467ರಿಂದ 1477ರವರೆಗಿನ ಓನಿನ್ ಯುದ್ಧದಲ್ಲಿ ಅದರ ಬಹುಭಾಗ ಬೂದಿಯಾಯಿತು. ಎಲ್ಲರೂ ನೋಡುವ ಚಿನ್ನದ ಮಂಟಪ 1950ರಲ್ಲಿ ಸುಟ್ಟುಹೋಗಿ 1955ರಲ್ಲಿ ಪುನರ್ನಿರ್ಮಾಣವಾದದ್ದು. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಉದ್ದೇಶಪೂರ್ವಕವಾಗಿಯೇ ಹೊಸದಾಗಿ ಕಟ್ಟುತ್ತಾರೆ. ಅಲ್ಲಿ ಹಳೆಯದೆಂದರೆ ಕಟ್ಟುವ ಕೌಶಲ ಮತ್ತು ಕ್ರಮ. ನಿಜಕ್ಕೂ ಪ್ರಾಚೀನವಾದ ಮರವನ್ನೇ ನೋಡಬೇಕೆಂದರೆ ಕ್ಯೋಟೊದಿಂದ ರೈಲಿನಲ್ಲಿ ನಾರಾ ಕಡೆಗೆ ಹೋಗಿ, ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳಿರುವ ಹೋರ್ಯೂಜಿ ದೇವಾಲಯವನ್ನು ನೋಡಬಹುದು. ಚೆರ್ರಿ ಹೂವಿನ ಕಾಲದಲ್ಲೂ ನವೆಂಬರಿನ ಕೆಂಪೆಲೆಗಳ ಕಾಲದಲ್ಲೂ ಕ್ಯೋಟೊದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನದಟ್ಟಣೆಯಿಂದ ಬೇಸತ್ತ ಗಿಯೊನ್ ಬಡಾವಣೆಯವರು 2024ರಲ್ಲಿ ತಮ್ಮ ಕೆಲವು ಖಾಸಗಿ ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಷೇಧಿಸಿದರು. ಆ ಫಲಕಗಳನ್ನು ಗೌರವಿಸುವುದು ಅತಿಥಿಗಳ ಕರ್ತವ್ಯ.

ಉಜ್ಬೇಕಿಸ್ತಾನದ ಸಮರ್ಕಂಡ್ ಮತ್ತು ಬುಖಾರಾಗಳಲ್ಲಿಯೂ ಇದೇ ಬಗೆಯ ಆಯ್ಕೆ ಎದುರಾಗುತ್ತದೆ. ಸಮರ್ಕಂಡ್‌ನ ರೇಗಿಸ್ತಾನ್ ಚೌಕದ ಮೂರು ಮದರಸಾಗಳು ಭವ್ಯವಾಗಿವೆ, ಆದರೆ 20ನೆಯ ಶತಮಾನದಲ್ಲಿ ಬಹಳವಾಗಿ ದುರಸ್ತಿಗೊಂಡವು, ಮತ್ತು ಸ್ಮಾರಕಗಳ ನಡುವೆ ಅಗಲವಾದ ಹೊಸ ರಸ್ತೆಗಳು ಬಂದಿವೆ. ಬುಖಾರಾದಲ್ಲಿ 1127ರ ಕಲ್ಯಾನ್ ಮಿನಾರದ ಸುತ್ತಲಿನ ಹಳೆಯ ಊರು ಇನ್ನೂ ಒತ್ತೊತ್ತಾಗಿ, ನಡೆದೇ ತಿರುಗುವಂತಿದೆ. ಸಮರ್ಕಂಡ್‌ನಲ್ಲಿ ಒಂದು ರಾತ್ರಿ, ಬುಖಾರಾದಲ್ಲಿ ಎರಡು ರಾತ್ರಿ ಎಂದು ಹಂಚಿಕೊಳ್ಳುವುದು ಸೂಕ್ತ. ವೇಗದ ರೈಲು ಎರಡನ್ನೂ ಜೋಡಿಸುತ್ತದೆ.

ದಿನಗಳ ಲೆಕ್ಕ ಮತ್ತು ತಂಗುವ ಜಾಗ

ಒಂದು ವಾರವಿದ್ದರೆ ಒಂದೇ ನಗರ, ಹೆಚ್ಚೆಂದರೆ ಅದರ ಪಕ್ಕದ ಇನ್ನೊಂದು. ಊರು ಬದಲಾಯಿಸಿದಾಗಲೆಲ್ಲ ಗಂಟುಮೂಟೆ ಕಟ್ಟಿ, ಪಯಣಿಸಿ, ಹೊಸ ಕೋಣೆ ಸೇರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆಂದು ಲೆಕ್ಕ ಹಾಕಿಕೊಳ್ಳಬೇಕು. ಹಳೆಯ ಪಟ್ಟಣದ ಒಳಗೇ ತಂಗುವುದಕ್ಕೆ ಖರ್ಚು ಹೆಚ್ಚಾದರೂ, ಹಗಲಿನ ಪ್ರವಾಸಿಗರು ಬರುವ ಮೊದಲು ಮತ್ತು ಹೋದ ಬಳಿಕದ ಹೊತ್ತು ನಮ್ಮದಾಗುತ್ತದೆ. ಇದರ ಬೆಲೆ ಅತಿ ಹೆಚ್ಚಾಗಿ ತಿಳಿಯುವುದು ವೆನಿಸ್‌ನಲ್ಲಿ. 1950ರ ದಶಕದ ಆರಂಭದಲ್ಲಿ 1,70,000ಕ್ಕೂ ಹೆಚ್ಚು ಜನರಿದ್ದ ಅದರ ಹಳೆಯ ಭಾಗದಲ್ಲಿ ಈಗ 50,000ಕ್ಕಿಂತ ಕಡಿಮೆ ನಿವಾಸಿಗಳಿದ್ದಾರೆ. ರಾತ್ರಿ ತಂಗದೆ ಬಂದುಹೋಗುವವರಿಗೆ ನಗರಾಡಳಿತ 2024ರ ಏಪ್ರಿಲ್‌ನಿಂದ ದಟ್ಟಣೆಯ ದಿನಗಳಲ್ಲಿ ಪ್ರವೇಶ ಶುಲ್ಕ ವಿಧಿಸುತ್ತಿದೆ. ವೆನಿಸ್‌ಗೆ ಒಂದು ದಿನದ ಮಟ್ಟಿಗೆ ಮಾತ್ರ ಹೋಗಲು ಸಾಧ್ಯವಿರುವವರು ಅದನ್ನು ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳುವುದೇ ಲೇಸು.

ಮಾರ್ಗದರ್ಶಿಯ ವಿಷಯದಲ್ಲಿ ನಿಂತುಹೋದ ನಗರಗಳಿಗೂ ಜನವಸತಿಯಿರುವ ನಗರಗಳಿಗೂ ಬೇರೆ ಬೇರೆ ನಿಯಮ. ಪಾಂಪೇ, ಅಂಕೋರ್, ಪೆಟ್ರಾಗಳಲ್ಲಿ ಮೊದಲ ಅರ್ಧ ದಿನಕ್ಕೆ ಪರವಾನಗಿಯುಳ್ಳ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು, ಉಳಿದದ್ದನ್ನು ಸ್ವಂತವಾಗಿ ನೋಡುವುದು ಹಣಕ್ಕೂ ತಿಳಿವಳಿಕೆಗೂ ಅನುಕೂಲ. ರೋಮ್, ಇಸ್ತಾಂಬುಲ್‌ಗಳಲ್ಲಿ ಫೋರಮ್ ಮತ್ತು ಹಾಗಿಯಾ ಸೋಫಿಯಾಗಳಿಗಷ್ಟೇ ಇದು ಬೇಕು. ಫೆಸ್‌ನಲ್ಲಿ ಮೊದಲ ಬೆಳಿಗ್ಗೆ ಒಬ್ಬರು ಜೊತೆಗಿದ್ದರೆ ಬಾಗಿಲುಗಳ ಮತ್ತು ಮುಖ್ಯ ಬೀದಿಗಳ ಗುರುತು ಹಿಡಿಯುವುದು ಸುಲಭವಾಗುತ್ತದೆ.

ವಯಸ್ಸಾದವರ ಜೊತೆ ಹೊರಡುವವರು ಮಂಡಿನೋವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಊರನ್ನು ಆರಿಸಬೇಕು. ಪೆಟ್ರಾದ ಮಠ, ಅಂಕೋರ್ ವಾಟ್‌ನ ಮೇಲಿನ ಹಂತದ ಕಡಿದಾದ ಮೆಟ್ಟಿಲುಗಳು, ಫೆಸ್‌ನ ಏರಿಳಿತದ ಓಣಿಗಳು ಅವರಿಗೆ ಕಷ್ಟ. ಪೆರುವಿನ ಕುಸ್ಕೊ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿರುವುದರಿಂದ ಉಸಿರಾಟದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಅತ್ತ ಹೊರಡಬಾರದು. ಬುಖಾರಾ ಬಹುಮಟ್ಟಿಗೆ ಸಮತಟ್ಟಾಗಿದೆ. ಅಲ್ಲಿನ ಲಬಿ ಹೌಜ್ ಕೊಳದ ಸುತ್ತ ನೆರಳೂ ಇದೆ, ಕುಳಿತು ದಣಿವಾರಿಸಿಕೊಳ್ಳಲು ಜಾಗವೂ ಇದೆ. ಅಂಕೋರ್‌ನಲ್ಲಿಯೂ ಮೇಲಿನ ಹಂತವನ್ನು ಬಿಟ್ಟು ನೆಲಮಟ್ಟದ ಹತ್ತಿರವೇ ಇರುವ ಉಬ್ಬುಶಿಲ್ಪಗಳ ಮೊಗಸಾಲೆಯನ್ನು, ಬೆಳಗಿನ ಗುಂಪು ಕರಗಿದ ಮೇಲೆ, ನಿಧಾನವಾಗಿ ನಡೆದು ನೋಡಬಹುದು.